ಕೀಲಿನತ್ತ ಹೊರಟ ಬಿಳಿ ಕಣಗಳು: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಕಳೆದ ಸಂಚಿಕೆಯಲ್ಲಿ ರುಮಟಾಯ್ಡ್ ಸಂಧಿವಾತದ ಬಗ್ಗೆ ಬರೆಯುವಾಗ, ಈ ಕಾಯಿಲೆಯಲ್ಲಿ ಕೀಲು ಊದಿಕೊಳ್ಳುವುದಕ್ಕೆ ರಕ್ತದ ಬಿಳಿ ಕಣಗಳು ಅಲ್ಲಿಗೆ ಹೋಗಿ ಸೇರುವುದು ಮುಖ್ಯ ಕಾರಣವೆಂದೂ, ಅವುಗಳ ಓಡಾಟ ಕೋಶದೊಳಗಿನ ಕೆಲವು ಕಿಣ್ವಗಳ ಹಿಡಿತದಲ್ಲಿದೆಯೆಂದೂ ಒಂದೇ ಸಾಲಿನಲ್ಲಿ ಹೇಳಿ ಮುಂದಕ್ಕೆ ಹೋಗಿದ್ದೆ. ಆ ಸಾಲನ್ನೇ ಹಿಡಿದು ಘಟ್ಟದ ಮೇಲಿನಿಂದಲೂ ಕರಾವಳಿಯಿಂದಲೂ ಪತ್ರಗಳು ಬಂದಿವೆ. ಒಂದಕ್ಕೊಂದು ಸಂಬಂಧವಿರುವವನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮ ತಾಯಿಯವರು ಮೆಟ್ಟುಗತ್ತಿಯ ಮುಂದೆ ಕುಳಿತರೆ ಅಡಿಕೆ ಸುಲಿಯುವುದರಲ್ಲಿ ಊರಿನಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಈಗ ಬೆಳಿಗ್ಗೆ ಏಳುವಾಗ ಎರಡೂ ಕೈಗಳ ಬೆರಳಿನ ಬುಡ ಊದಿಕೊಂಡು ಮುಷ್ಟಿ ಕಟ್ಟಲು ಆಗುವುದಿಲ್ಲ; ಹತ್ತು ಗಂಟೆಯ ಮೇಲೆ ನಿಧಾನವಾಗಿ ಸಡಿಲವಾಗುತ್ತದೆ. ರುಮಟಾಯ್ಡ್ ಎಂದು ವೈದ್ಯರು ಹೇಳಿದ್ದಾರೆ. ಮೊಣಕಾಲಿನ ನೀರು ತೆಗೆದು ಪರೀಕ್ಷೆಗೆ ಕಳಿಸಿದಾಗ ಬಿಳಿ ಕಣ 18,000 ಎಂದೂ, ರೋಗಾಣು ಇಲ್ಲವೆಂದೂ ವರದಿ ಬಂತು. ರೋಗಾಣುವೇ ಇಲ್ಲದ ಜಾಗಕ್ಕೆ ಇಷ್ಟೊಂದು ಬಿಳಿ ಕಣಗಳು ಏಕೆ ಹೋದವು? ಅವನ್ನು ಕರೆದವರು ಯಾರು? (ಓದುಗರು, ಶಿರಸಿ)

ಉತ್ತರ: ನಿಮ್ಮ ಕೈಯಲ್ಲಿರುವ ವರದಿಯಿಂದಲೇ ಆರಂಭಿಸೋಣ. ಆರೋಗ್ಯವಂತರ ಮೊಣಕಾಲಿನಲ್ಲಿ ಇರುವ ದ್ರವವೇ ಕೆಲವು ಮಿಲಿಲೀಟರಿನಷ್ಟು. ಅದರ ಒಂದು ಮೈಕ್ರೋಲೀಟರಿನಲ್ಲಿ 200ಕ್ಕಿಂತ ಕಡಿಮೆ ಬಿಳಿ ಕಣಗಳಿರುತ್ತವೆ. ರುಮಟಾಯ್ಡ್ ಸಂಧಿವಾತದಲ್ಲಿ ಅದು ಸಾಮಾನ್ಯವಾಗಿ 2,000ದಿಂದ 50,000ದವರೆಗೆ ಏರುತ್ತದೆ, ಮತ್ತು ಅವುಗಳಲ್ಲಿ ಹೆಚ್ಚಿನವು ನ್ಯೂಟ್ರೋಫಿಲ್ ಎಂಬ ಬಗೆಯವು. ನಿಮ್ಮ ತಾಯಿಯವರ ಸಂಖ್ಯೆ ಆ ಮಿತಿಯೊಳಗೇ ಇದೆ. ಈ ಕಣಗಳಲ್ಲಿ ಒಂದೂ ಕೀಲಿನಲ್ಲಿ ಹುಟ್ಟಿದ್ದಲ್ಲ. ಮೂಳೆಯ ಮಜ್ಜೆಯಲ್ಲಿ ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ನ್ಯೂಟ್ರೋಫಿಲ್‌ಗಳು ತಯಾರಾಗುತ್ತವೆ. ರಕ್ತಕ್ಕೆ ಇಳಿದವು ಕೆಲವು ತಾಸುಗಳಷ್ಟೇ ಅಲ್ಲಿ ಸುತ್ತಾಡಿ, ಕರೆ ಬಂದ ಕಡೆಗೆ ರಕ್ತನಾಳದ ಗೋಡೆಯಿಂದ ನುಸುಳಿ ಹೊರಬೀಳುತ್ತವೆ. ಅಂದರೆ ಆ 18,000ದಲ್ಲಿ ಪ್ರತಿಯೊಂದೂ ಎಲ್ಲಿಂದಲೋ ಹೊರಟು, ಒಂದು ಕಡೆ ನಿಂತು, ಗೋಡೆ ದಾಟಿ, ನಡೆದು ಬಂದದ್ದು. ಊತವೆಂದು ನಾವು ಮುಟ್ಟಿ ನೋಡುವುದರಲ್ಲಿ ದೊಡ್ಡ ಪಾಲು ಈ ವಲಸೆಯದೇ ಆಗಿದೆ.

ಕರೆದವರು ಯಾರು ಎಂಬುದಕ್ಕೆ ಇಲಿಗಳ ಮೇಲೆ ನಡೆದ ಪ್ರಯೋಗಗಳು ಸಾಕಷ್ಟು ಸ್ಪಷ್ಟವಾದ ಉತ್ತರ ಕೊಟ್ಟಿವೆ. ದೇಹವು ತನ್ನದೇ ಪ್ರೋಟೀನುಗಳ ವಿರುದ್ಧ ತಯಾರಿಸಿಕೊಂಡ ಪ್ರತಿಕಾಯಗಳು ಕೀಲಿನ ಮೃದ್ವಸ್ಥಿಯ ಮೇಲ್ಮೈಯಲ್ಲಿ ಹೋಗಿ ಕೂರುತ್ತವೆ. ಅಲ್ಲಿ ರೋಗಾಣುಗಳ ವಿರುದ್ಧ ಹೋರಾಡಲು ರಕ್ತದಲ್ಲಿ ಸದಾ ಇರುವ ಕಾಂಪ್ಲಿಮೆಂಟ್ ಪ್ರೋಟೀನುಗಳು ಕೆರಳಿ, ಸಿ5ಎ ಎಂಬ ತುಣುಕು ಹುಟ್ಟುತ್ತದೆ. ಮೊದಲ ಕೆಲವು ನ್ಯೂಟ್ರೋಫಿಲ್‌ಗಳನ್ನು ಕರೆತರುವುದು ಅದೇ. ಹಾಗೆ ಬಂದವು ಸುಮ್ಮನಿರುವುದಿಲ್ಲ. 5-ಲಿಪಾಕ್ಸಿಜಿನೇಸ್ ಎಂಬ ಕಿಣ್ವದ ನೆರವಿನಿಂದ, ತಮ್ಮ ಪೊರೆಯಲ್ಲಿರುವ ಕೊಬ್ಬಿನಾಮ್ಲದಿಂದಲೇ ಲ್ಯೂಕೋಟ್ರೈಯೀನ್ ಬಿ4 ಎಂಬ ವಸ್ತುವನ್ನು ತಯಾರಿಸಿ ಹೊರಗೆ ಬಿಡುತ್ತವೆ, ಅದು ಇನ್ನಷ್ಟು ನ್ಯೂಟ್ರೋಫಿಲ್‌ಗಳನ್ನು ಎಳೆಯುತ್ತದೆ. ಅವು ಇಂಟರ್‌ಲ್ಯೂಕಿನ್-1 ಎಂಬ ಉರಿಯೂತದ ಸಂದೇಶವಸ್ತುವನ್ನು ಸುರಿಸುತ್ತವೆ. ಇಂಟರ್‌ಲ್ಯೂಕಿನ್-1 ತಾಗಿದ ಮೇಲೆ ಕೀಲಿನ ಒಳಪೊರೆಯ ಸ್ವಂತ ಕೋಶಗಳೇ ಕೀಮೋಕೈನ್ ಎಂಬ ಕರೆವಸ್ತುಗಳನ್ನು ಉತ್ಪಾದಿಸತೊಡಗುತ್ತವೆ. ಆದ್ದರಿಂದ ನಿಮ್ಮ ಪ್ರಶ್ನೆಗೆ ನೇರ ಉತ್ತರವೆಂದರೆ, ಬಹುಪಾಲು ಬಿಳಿ ಕಣಗಳನ್ನು ಕರೆದವು ಅವುಗಳಿಗಿಂತ ಸ್ವಲ್ಪ ಮೊದಲು ಬಂದ ಬಿಳಿ ಕಣಗಳು. ರೋಗಾಣು ಇದ್ದಾಗಲೂ ನಡೆಯುವುದು ಇದೇ ಸರಣಿ. ಆದರೆ ಅಲ್ಲಿ ರೋಗಾಣು ಸತ್ತ ಮೇಲೆ ಕರೆ ನಿಲ್ಲುತ್ತದೆ. ಇಲ್ಲಿ ಮೃದ್ವಸ್ಥಿಯ ಮೇಲೆ ಕುಳಿತ ಪ್ರತಿಕಾಯ ಹಾಗೆಯೇ ಇರುವುದರಿಂದ ನಿಲ್ಲುವುದಿಲ್ಲ.

ಈಗ ಕಿಣ್ವಗಳ ಮಾತು. ಕರೆವಸ್ತು ನ್ಯೂಟ್ರೋಫಿಲ್‌ನ ಹೊರಮೈಯಲ್ಲಿರುವ ಗ್ರಾಹಿಗೆ ತಾಗಿದೊಡನೆ, ಗ್ರಾಹಿಯ ಒಳತುದಿಯಲ್ಲಿ ಅಂಟಿಕೊಂಡಿರುವ ಜಿ-ಪ್ರೋಟೀನ್ ಎರಡು ಭಾಗವಾಗುತ್ತದೆ. ಅದರ ಒಂದು ಭಾಗ ಪಿಐ3ಕೆ ಗ್ಯಾಮಾ ಎಂಬ ಕಿಣ್ವವನ್ನು ಪೊರೆಯ ಕಡೆಗೆ ಎಳೆದು ಎಚ್ಚರಿಸುತ್ತದೆ. ಈ ಕಿಣ್ವ ಮಾಡುವ ಕೆಲಸ ಕೇಳುವುದಕ್ಕೆ ಬಹಳ ಚಿಕ್ಕದು: ಪೊರೆಯಲ್ಲಿರುವ ಪಿಐಪಿ2 ಎಂಬ ಕೊಬ್ಬಿನ ಅಣುವಿಗೆ ಒಂದು ಫಾಸ್ಫೇಟ್ ಸೇರಿಸಿ ಅದನ್ನು ಪಿಐಪಿ3 ಮಾಡುತ್ತದೆ. ಪರಿಣಾಮ ಮಾತ್ರ ಚಿಕ್ಕದಲ್ಲ. ಕರೆ ಬರುವ ದಿಕ್ಕಿನ ಕಡೆಯ ಪೊರೆಯಲ್ಲಿ ಪಿಐಪಿ3 ದಟ್ಟವಾಗುತ್ತದೆ. ಬೇರೆಡೆ ಹುಟ್ಟಿದ್ದನ್ನು ಶಿಪ್-1, ಪಿಟೆನ್ ಎಂಬ ಇನ್ನೆರಡು ಕಿಣ್ವಗಳು ಕೂಡಲೇ ಅಳಿಸಿಹಾಕುತ್ತವೆ. ಹೀಗೆ ಎಲ್ಲ ಕಡೆಯೂ ಒಂದೇ ರೀತಿಯಾಗಿ ದುಂಡಗಿದ್ದ ಕೋಶಕ್ಕೆ ಒಂದು ಮುಖ, ಒಂದು ಹಿಂಭಾಗ ಎಂದಾಗುತ್ತದೆ. ಮುಖದ ಕಡೆ ರ‍್ಯಾಕ್ ಎಂಬ ಇನ್ನೊಂದು ಕಿಣ್ವ ಎಚ್ಚರಗೊಂಡು ಆಕ್ಟಿನ್ ಎಳೆಗಳನ್ನು ಹೆಣೆಸುತ್ತ ಪೊರೆಯನ್ನು ಮುಂದಕ್ಕೆ ತಳ್ಳುತ್ತದೆ. ಹಿಂಭಾಗದಲ್ಲಿ ರೋ ಕೈನೇಸ್ ಎಂಬ ಕಿಣ್ವ, ಸ್ನಾಯುವಿನಲ್ಲಿ ಇರುವಂಥದೇ ಆದ ಮಯೋಸಿನ್ ಪ್ರೋಟೀನನ್ನು ಬಿಗಿಗೊಳಿಸಿ ಬಾಲವನ್ನು ಎಳೆದುಕೊಳ್ಳುತ್ತದೆ.

ಮಳೆಗಾಲದಲ್ಲಿ ತೋಟಕ್ಕೆ ಹೋಗಿಬಂದವರಿಗೆ ಈ ನಡಿಗೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. ದರಕಿನ ಮೇಲೆ ಕಾಲಿಟ್ಟ ತಕ್ಷಣ ಉಂಬಳ ತಲೆಯೆತ್ತಿ, ಗಾಳಿಯಲ್ಲಿ ಅತ್ತಿತ್ತ ತಿರುಗಿ, ಕಾಲಿನ ದಿಕ್ಕನ್ನು ಗೊತ್ತುಮಾಡಿಕೊಂಡು, ಮುಂದಿನ ತುದಿಯನ್ನು ಊರಿ ಹಿಂದಿನ ತುದಿಯನ್ನು ಎಳೆದುಕೊಂಡು ಬರುವುದಲ್ಲವೇ? ನ್ಯೂಟ್ರೋಫಿಲ್ ಕೂಡ ಹೀಗೆಯೇ. ವ್ಯತ್ಯಾಸವೆಂದರೆ ಉಂಬಳಕ್ಕೆ ತಲೆ ಯಾವ ತುದಿ ಎಂಬುದು ಹುಟ್ಟಿನಿಂದಲೇ ನಿಗದಿಯಾಗಿದೆ, ನ್ಯೂಟ್ರೋಫಿಲ್ ತನ್ನ ಮುಖವನ್ನು ಆ ಕ್ಷಣಕ್ಕೆ ನಿರ್ಮಿಸಿಕೊಳ್ಳುತ್ತದೆ. ತನ್ನ ಮೈಯ ಒಂದು ಕಡೆಗೂ ಇನ್ನೊಂದು ಕಡೆಗೂ ಕರೆವಸ್ತುವಿನ ಸಾಂದ್ರತೆಯಲ್ಲಿ ನೂರಕ್ಕೆ ಒಂದೆರಡರಷ್ಟು ವ್ಯತ್ಯಾಸವಿದ್ದರೂ ಅದಕ್ಕೆ ದಿಕ್ಕು ತಿಳಿಯುತ್ತದೆ. ಮಿನಿಟಿಗೆ ಸುಮಾರು ಹತ್ತು ಮೈಕ್ರಾನ್, ಅಂದರೆ ಹೆಚ್ಚುಕಡಿಮೆ ತನ್ನ ಮೈಯುದ್ದದಷ್ಟು ದೂರ ಸಾಗುತ್ತದೆ. 1950ರ ದಶಕದಲ್ಲಿ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಡೇವಿಡ್ ರಾಜರ್ಸ್ ಚಿತ್ರೀಕರಿಸಿದ ಒಂದು ಪುಟ್ಟ ಚಲನಚಿತ್ರದಲ್ಲಿ, ಕೆಂಪು ರಕ್ತಕಣಗಳ ಸಂದಿಯಲ್ಲಿ ಒಂದು ನ್ಯೂಟ್ರೋಫಿಲ್ ರೋಗಾಣುವೊಂದರ ಬೆನ್ನುಹತ್ತಿ, ಅದು ತಿರುಗಿದಂತೆ ತಾನೂ ತಿರುಗಿ ಕೊನೆಗೆ ಅದನ್ನು ನುಂಗುವುದನ್ನು ಕಾಣಬಹುದು. ಅದು ಅಂತರಜಾಲದಲ್ಲಿ ಸುಲಭವಾಗಿ ಸಿಗುತ್ತದೆ. ಮನೆಯ ಮಕ್ಕಳಿಗೂ ತೋರಿಸಿ.

ಕೀಲಿಗೆ ಬಂದ ಮೇಲೆ ಏನಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ನ್ಯೂಟ್ರೋಫಿಲ್‌ನ ಕಸುಬು ನುಂಗುವುದು. ಆದರೆ ಮೃದ್ವಸ್ಥಿಯ ಮೇಲ್ಮೈಗೆ ಅಂಟಿದ ಪ್ರತಿಕಾಯವನ್ನು ನುಂಗಲು ಹೋದರೆ ಮೃದ್ವಸ್ಥಿಯನ್ನೇ ನುಂಗಬೇಕಾಗುತ್ತದೆ, ಅದು ಸಾಧ್ಯವಿಲ್ಲ. ಹಾಗಾಗಿ ಒಳಗೆ ಅರಗಿಸಲು ಇಟ್ಟುಕೊಂಡ ಎಲಾಸ್ಟೇಸ್ ಮೊದಲಾದ ಜೀರ್ಣಕಾರಿ ಕಿಣ್ವಗಳನ್ನು ಹೊರಗೇ ಸುರಿಯುತ್ತದೆ. ಮೃದ್ವಸ್ಥಿ ಸವೆಯುವುದರಲ್ಲಿ ಇದರ ಪಾಲೂ ಇದೆ. ಇಷ್ಟಾದರೂ ದ್ರವದ ವರದಿಯೊಂದನ್ನೇ ನೋಡಿ ಇಡೀ ಕಾಯಿಲೆ ನ್ಯೂಟ್ರೋಫಿಲ್‌ನದು ಎಂದುಕೊಳ್ಳಬಾರದು. ದ್ರವದಲ್ಲಿ ಅವು ಹೆಚ್ಚು; ಒಂದೆರಡು ಕೋಶಗಳಷ್ಟೇ ದಪ್ಪವಿರಬೇಕಾದ ಕೀಲಿನ ಒಳಪೊರೆ ಈ ಕಾಯಿಲೆಯಲ್ಲಿ ಊದಿ ದಪ್ಪವಾದಾಗ ಅದರಲ್ಲಿ ತುಂಬಿಕೊಂಡಿರುವವು ಮುಖ್ಯವಾಗಿ ರೋಗನಿರೋಧಕ ವ್ಯವಸ್ಥೆಯ ಬೇರೆ ಬಗೆಯ ಕೋಶಗಳಾದ ಮ್ಯಾಕ್ರೊಫೇಜ್‌ಗಳು, ಟಿ ಮತ್ತು ಬಿ ಕೋಶಗಳು. ಅವು ಬಂದದ್ದೂ ರಕ್ತದಿಂದಲೇ, ಆದರೆ ಅವುಗಳನ್ನು ಕರೆಯುವ ವಸ್ತುಗಳು ಬೇರೆ. ಮುಂದಿನ ಪ್ರಶ್ನೆಗೆ ಉತ್ತರಿಸುವಾಗ ಈ ಮಾತು ಬೇಕಾಗುತ್ತದೆ.

ಪ್ರಶ್ನೆ: ನಾನು ಬಿ.ಎಸ್ಸಿ. ವಿದ್ಯಾರ್ಥಿನಿ. ಪಿಐ3ಕೆ ಗ್ಯಾಮಾ ಕಿಣ್ವವಿಲ್ಲದ ಇಲಿಗಳಲ್ಲಿ ಬಿಳಿ ಕಣಗಳ ಓಡಾಟ ಕುಂದುತ್ತದೆಂದು ಬಹಳ ಹಿಂದೆಯೇ ಗೊತ್ತಾಗಿದೆಯಂತೆ. ಹಾಗಿದ್ದರೆ ಆ ಕಿಣ್ವವನ್ನು ತಡೆಯುವ ಮಾತ್ರೆಯೊಂದನ್ನು ಕೊಟ್ಟು ಸಂಧಿವಾತವನ್ನು ಮುಗಿಸಬಹುದಿತ್ತಲ್ಲ? ಏಕೆ ಅದು ಅಂಗಡಿಗೆ ಬಂದಿಲ್ಲ? (ಓದುಗರು, ಕಾರವಾರ)

ಉತ್ತರ: ನೀವು ಓದಿದ್ದು ಸರಿ. 2000ನೇ ಇಸವಿಯಲ್ಲಿ ಮೂರು ಬೇರೆಬೇರೆ ತಂಡಗಳು, ಪಿಐ3ಕೆ ಗ್ಯಾಮಾದ ಜೀನನ್ನು ತೆಗೆದುಹಾಕಿದ ಇಲಿಗಳಲ್ಲಿ ನ್ಯೂಟ್ರೋಫಿಲ್‌ಗಳು ಕರೆ ಬಂದ ಕಡೆಗೆ ಸರಿಯಾಗಿ ಹೋಗುವುದಿಲ್ಲವೆಂದು ತೋರಿಸಿದವು. 2005ರಲ್ಲಿ ಎಎಸ್-605240 ಎಂಬ ತಡೆವಸ್ತು ಇಲಿಗಳ ಕೀಲುರಿಯನ್ನು ತಗ್ಗಿಸಿತೆಂಬ ವರದಿ ಬಂತು. ಪಿಐ3ಕೆ ಕುಟುಂಬದ ಮೊದಲ ವರ್ಗದಲ್ಲಿ ಆಲ್ಫಾ, ಬೀಟಾ, ಗ್ಯಾಮಾ, ಡೆಲ್ಟಾ ಎಂಬ ನಾಲ್ಕು ಇವೆ. ಆಲ್ಫಾ, ಬೀಟಾ ದೇಹದ ಎಲ್ಲೆಡೆ ಇರುವಂಥವು. ಗ್ಯಾಮಾ, ಡೆಲ್ಟಾ ಹೆಚ್ಚಾಗಿ ಬಿಳಿ ಕಣಗಳಲ್ಲೇ ಇರುವಂಥವು. ಆದ್ದರಿಂದ ಈ ಎರಡನ್ನು ಮಾತ್ರ ತಡೆದರೆ ಉಳಿದ ಅಂಗಗಳಿಗೆ ತೊಂದರೆಯಾಗದು ಎಂಬ ನಿರೀಕ್ಷೆ ಆಗ ತರ್ಕಬದ್ಧವಾಗಿಯೇ ಇತ್ತು.

ನಿರೀಕ್ಷೆ ಏಕೆ ಈಡೇರಲಿಲ್ಲ ಎಂಬುದಕ್ಕೆ ಕಾರಣಗಳು ಒಂದಕ್ಕಿಂತ ಹೆಚ್ಚಿವೆ, ಅವುಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆಂದು ತೋರುವುದನ್ನು ಮೊದಲು ಹೇಳುತ್ತೇನೆ. ನ್ಯೂಟ್ರೋಫಿಲ್‌ನೊಳಗೆ ಚಲನೆಯ ಆಜ್ಞೆ ಒಂದೇ ಕಿಣ್ವದ ಮೂಲಕ ಹೋಗುವುದಿಲ್ಲ. ಕೆನಡಾದ ಕ್ಯಾಲ್ಗರಿಯ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಕೆಲಸ ಈ ವಿಷಯದಲ್ಲಿ ಬಹಳ ಸೊಗಸಾದದ್ದು. ಕರೆವಸ್ತುಗಳಲ್ಲಿ ಎರಡು ದರ್ಜೆಗಳಿವೆ. ಇಂಟರ್‌ಲ್ಯೂಕಿನ್-8, ಲ್ಯೂಕೋಟ್ರೈಯೀನ್ ಬಿ4 ಇವು ನಡುದಾರಿಯವರೆಗೆ ಕರೆತರುವಂಥವು. ಸಿ5ಎ ಮತ್ತು ರೋಗಾಣುಗಳಿಂದ ಹೊರಬೀಳುವ ಪ್ರೋಟೀನ್ ತುಣುಕುಗಳು ಕೊನೆಯ ಗುರಿಯಲ್ಲಿ ಇರುವಂಥವು. ಮೊದಲ ದರ್ಜೆಯವು ಹೆಚ್ಚಾಗಿ ಪಿಐ3ಕೆ ಮೂಲಕ ಕೆಲಸ ಮಾಡಿದರೆ, ಎರಡನೆಯವು ಪಿ38 ಎಂಬ ಬೇರೊಂದು ಕಿಣ್ವದ ಮೂಲಕ ಕೆಲಸ ಮಾಡುತ್ತವೆ. ಎರಡೂ ಕರೆಗಳು ಒಟ್ಟಿಗೆ ಬಂದಾಗ ಪಿ38ನದೇ ಮೇಲುಗೈ. ನ್ಯೂಟ್ರೋಫಿಲ್ ರಕ್ತನಾಳದ ಹತ್ತಿರದ ಕರೆಯನ್ನು ಕಡೆಗಣಿಸಿ ಗುರಿಯ ಕಡೆಗೆ ಸಾಗಬಲ್ಲದ್ದು ಈ ಮೇಲುಗೈಯ ಕಾರಣದಿಂದ. ನಿಮ್ಮ ಪ್ರಶ್ನೆಯ ದೃಷ್ಟಿಯಿಂದ ನೋಡಿದರೆ ಇದರ ಅರ್ಥವಿಷ್ಟು: ಪಿಐ3ಕೆಯನ್ನು ಪೂರ್ತಿ ತಡೆದರೂ, ಕೀಲಿನಲ್ಲಿ ಸಿ5ಎ ಇರುವವರೆಗೆ ಚಲನೆ ಪೂರ್ತಿ ನಿಲ್ಲಲಾರದು. ಮುಂದೆ ಇನ್ನೂ ಸೂಕ್ಷ್ಮವಾಗಿ ನೋಡಿದಾಗ, ಪಿಐ3ಕೆ ಗ್ಯಾಮಾ ಇಲ್ಲದಿದ್ದರೆ ಹೊರಡುವ ಕೋಶಗಳ ಸಂಖ್ಯೆ ಕಡಿಮೆಯಾಗುತ್ತದೆಯೇ ಹೊರತು, ಹೊರಟವು ದಿಕ್ಕು ತಪ್ಪುವುದು ಅಪರೂಪವೆಂದೂ ಕಂಡುಬಂತು.

ಹಾಗಾದರೆ ಪಿ38ನ್ನೇ ತಡೆಯಬಹುದಲ್ಲ ಎಂದು ನೀವು ಕೇಳಬಹುದು. ತಡೆದು ನೋಡಿದ್ದಾರೆ. ಪಾಮಾಪಿಮಾಡ್ ಮೊದಲಾದ ಹಲವು ಪಿ38 ತಡೆವಸ್ತುಗಳನ್ನು ರುಮಟಾಯ್ಡ್ ರೋಗಿಗಳಿಗೆ ಕೊಟ್ಟು ಪರೀಕ್ಷಿಸಲಾಯಿತು. ಉರಿಯೂತದ ಅಳತೆಯಾದ ಸಿಆರ್‌ಪಿ ಮೊದಲ ವಾರಗಳಲ್ಲಿ ಇಳಿದು, ಔಷಧ ಮುಂದುವರಿದಿದ್ದರೂ ಮತ್ತೆ ಮೇಲಕ್ಕೆ ಬಂತು. ರೋಗಿಗಳಿಗೆ ಹೇಳಿಕೊಳ್ಳುವಂಥ ಉಪಯೋಗವಾಗಲಿಲ್ಲ. ಪ್ರತಿಕಾಯದ ಸಂಕೇತವನ್ನು ಒಳಗೆ ಸಾಗಿಸುವ ಸಿಕ್ ಎಂಬ ಕಿಣ್ವದ ತಡೆವಸ್ತು ಫಾಸ್ಟಾಮ್ಯಾಟಿನಿಬ್‌ನ ದೊಡ್ಡ ಪರೀಕ್ಷೆಗಳೂ 2013ರಲ್ಲಿ ನಿರಾಸೆಗೊಳಿಸಿದವು. ಅದೇ ಔಷಧಕ್ಕೆ 2018ರಲ್ಲಿ ಪ್ಲೇಟ್‌ಲೆಟ್ ಕಡಿಮೆಯಾಗುವ ಕಾಯಿಲೆಯೊಂದರಲ್ಲಿ ಜಾಗ ಸಿಕ್ಕಿತು ಎಂಬುದು ಬೇರೆ ಮಾತು. ಲ್ಯೂಕೋಟ್ರೈಯೀನ್ ಬಿ4ರ ಗ್ರಾಹಿಯನ್ನು ಮುಚ್ಚಿದ್ದೂ ಮನುಷ್ಯರಲ್ಲಿ ಫಲ ಕೊಡಲಿಲ್ಲ, ಇಲಿಯಲ್ಲಿ ಅದು ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದರೂ.

ಇಲಿಗೂ ನಮಗೂ ಇರುವ ಈ ಅಂತರವೇ ಎರಡನೆಯ ಕಾರಣ. ಪ್ರಯೋಗಾಲಯದಲ್ಲಿ ಸಿದ್ಧ ಪ್ರತಿಕಾಯವನ್ನು ಚುಚ್ಚಿದ ಇಲಿಯ ಕಾಲು ಕೆಲವೇ ದಿನಗಳಲ್ಲಿ ಊದುತ್ತದೆ, ಅದು ಹೆಚ್ಚುಕಡಿಮೆ ನ್ಯೂಟ್ರೋಫಿಲ್‌ಗಳ ಕೆಲಸ. ಮನುಷ್ಯರಲ್ಲಿ ನೋವು ಕಾಣಿಸಿಕೊಳ್ಳುವುದಕ್ಕೆ ವರ್ಷಗಟ್ಟಲೆ ಮೊದಲೇ ರಕ್ತದಲ್ಲಿ ಪ್ರತಿಕಾಯಗಳು ಇರುತ್ತವೆ. ವೈದ್ಯರ ಬಳಿಗೆ ಬರುವ ಹೊತ್ತಿಗೆ ಕೀಲಿನ ಒಳಪೊರೆಯಲ್ಲಿ ಬೇರೆಬೇರೆ ಕೋಶಗಳು ಬೇರೆಬೇರೆ ಕಾಲದಲ್ಲಿ ಬಂದು ನೆಲೆಸಿರುತ್ತವೆ. ಬರುವವರನ್ನು ತಡೆಯುವ ಔಷಧ, ಆಗಲೇ ಬಂದು ಕುಳಿತವರ ಮೇಲೆ ಏನು ಮಾಡೀತು?

ಮೂರನೆಯದು ಅಪಾಯದ ಲೆಕ್ಕ. ಡೆಲ್ಟಾವನ್ನು ತಡೆಯುವ ಐಡೆಲಾಲಿಸಿಬ್ 2014ರಲ್ಲಿ ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಒಪ್ಪಿಗೆ ಪಡೆಯಿತು. ಆದರೆ ಅದರೊಂದಿಗೆ ಪಿತ್ತಜನಕಾಂಗಕ್ಕೆ ಪೆಟ್ಟು, ತೀವ್ರ ಭೇದಿ, ಶ್ವಾಸಕೋಶದ ಉರಿಯೂತ ಇವೆಲ್ಲ ಬಂದವು. ಜೀವಕ್ಕೇ ಕುತ್ತಾದ ಕ್ಯಾನ್ಸರಿನಲ್ಲಿ ಇಂಥ ಅಪಾಯವನ್ನು ಹೊರಬಹುದು. ದಶಕಗಳ ಕಾಲ ಮಾತ್ರೆ ನುಂಗಬೇಕಾದ ಸಂಧಿವಾತದಲ್ಲಿ, ಮೆಥೋಟ್ರೆಕ್ಸೇಟ್‌ನಂಥ ಹಳೆಯ, ಅಗ್ಗದ, ಚೆನ್ನಾಗಿ ಅರಿತ ಔಷಧ ಕೈಯಲ್ಲಿರುವಾಗ ಹೊರಲಾಗದು. ಬಿಳಿ ಕಣಗಳು ಚಲಿಸಲಾರದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಪ್ರಕೃತಿಯೇ ಒಂದು ನಿದರ್ಶನ ಇಟ್ಟಿದೆ, ಅದನ್ನು ಕೆಳಗೆ ಅಂಕೋಲೆಯವರ ಪ್ರಶ್ನೆಯ ಸಂದರ್ಭದಲ್ಲಿ ಹೇಳುತ್ತೇನೆ.

ಪ್ರಶ್ನೆ: ನನಗೆ 61 ವರ್ಷ. ಸಂಧಿವಾತಕ್ಕೆ ಮೆಥೋಟ್ರೆಕ್ಸೇಟ್ ನಡೆಯುತ್ತಿತ್ತು, ಪೂರ್ತಿ ಹಿಡಿತಕ್ಕೆ ಬರಲಿಲ್ಲ. ಈಗ ತಜ್ಞರು ಟೋಫಾಸಿಟಿನಿಬ್ 5 ಮಿ.ಗ್ರಾಂ. ದಿನಕ್ಕೆ ಎರಡು ಬಾರಿ ಎಂದು ಬರೆದಿದ್ದಾರೆ. ಇದು ನೋವಿನ ಮಾತ್ರೆಯೇ? ನೋವಿಲ್ಲದ ದಿನ ಬಿಡಬಹುದೇ? ನನಗೆ ಬಿ.ಪಿ. ಇದೆ, ಬೀಡಿ ಬಿಟ್ಟು ಒಂದು ವರ್ಷವಾಯಿತು. (ಓದುಗರು, ಕುಮಟಾ)

ಉತ್ತರ: ಇದು ನೋವಿನ ಮಾತ್ರೆಯಲ್ಲ, ಆದ್ದರಿಂದ ನೋವಿದ್ದ ದಿನ ತೆಗೆದುಕೊಂಡು ಇಲ್ಲದ ದಿನ ಬಿಡುವಂಥದೂ ಅಲ್ಲ. ಜಾಕ್ ಎಂಬ ನಾಲ್ಕು ಕಿಣ್ವಗಳ ಗುಂಪಿದೆ. ಟೋಫಾಸಿಟಿನಿಬ್ ಅವುಗಳಲ್ಲಿ ಮುಖ್ಯವಾಗಿ 1 ಮತ್ತು 3ನ್ನು ತಡೆಯುತ್ತದೆ. ಅಮೆರಿಕದಲ್ಲಿ 2012ರ ನವೆಂಬರಿನಲ್ಲಿ ಸಂಧಿವಾತಕ್ಕೆ ಒಪ್ಪಿಗೆ ಪಡೆಯಿತು. ಕಾರವಾರದ ವಿದ್ಯಾರ್ಥಿನಿಗೆ ಹೇಳಿದ ಕಿಣ್ವಗಳೆಲ್ಲ ಸೋತ ಕಡೆ ಇದು ಹೇಗೆ ಗೆದ್ದಿತು ಎಂಬುದು ಸ್ವಾರಸ್ಯಕರ. ಜಾಕ್ ಕಿಣ್ವಗಳು ಕೋಶದ ಕಾಲನ್ನು ನೇರವಾಗಿ ಆಡಿಸುವುದಿಲ್ಲ. ಇಂಟರ್‌ಲ್ಯೂಕಿನ್-6, ಇಂಟರ್‌ಫೆರಾನ್ ಮೊದಲಾದ ಸಂದೇಶಗಳು ಕೋಶದ ಹೊರಮೈಗೆ ತಾಗಿದಾಗ, ಆ ಸುದ್ದಿಯನ್ನು ಜೀನುಗಳಿರುವ ಕೋಶಕೇಂದ್ರದವರೆಗೆ ಮುಟ್ಟಿಸುವ ಕೆಲಸ ಅವುಗಳದು. ಸುದ್ದಿ ಮುಟ್ಟಿದ ಮೇಲೆ ಹೊಸ ಕರೆವಸ್ತುಗಳು ತಯಾರಾಗುತ್ತವೆ. ಸುದ್ದಿ ಮುಟ್ಟದಿದ್ದರೆ ಕರೆವಸ್ತುಗಳ ಉತ್ಪಾದನೆಯೇ ತಗ್ಗುತ್ತದೆ. ನ್ಯೂಟ್ರೋಫಿಲ್, ಮ್ಯಾಕ್ರೊಫೇಜ್, ಟಿ ಕೋಶ ಎಂಬ ಭೇದವಿಲ್ಲದೆ ಎಲ್ಲದರ ಬರವೂ ಕಡಿಮೆಯಾಗುತ್ತದೆ. ನನ್ನ ಅಭಿಪ್ರಾಯದಲ್ಲಿ, ನಡೆಯುವ ಕೋಶವನ್ನು ಹಿಡಿದು ನಿಲ್ಲಿಸಲು ಹೋದ ಔಷಧಗಳು ಸೋತದ್ದೂ, ಕರೆಯುವವರ ಬಾಯಿ ಮುಚ್ಚಿಸಿದ ಔಷಧ ಗೆದ್ದದ್ದೂ ಆಕಸ್ಮಿಕವಲ್ಲ.

ನಿಮ್ಮ ವಯಸ್ಸು, ಬಿ.ಪಿ., ಬೀಡಿಯ ಹಿನ್ನೆಲೆ ಇವನ್ನು ಬರೆದದ್ದು ಒಳ್ಳೆಯದಾಯಿತು. ಹೃದಯದ ಕಾಯಿಲೆಗೆ ಕಾರಣವಾಗುವ ಅಂಶ ಒಂದಾದರೂ ಇದ್ದ, 50 ದಾಟಿದ ರೋಗಿಗಳಲ್ಲಿ ಟೋಫಾಸಿಟಿನಿಬ್‌ ಅನ್ನು ಟಿಎನ್‌ಎಫ್ ಎಂಬ ಉರಿಯೂತದ ಸಂದೇಶವಸ್ತುವನ್ನು ತಡೆಯುವ ಚುಚ್ಚುಮದ್ದಿನೊಡನೆ ಹೋಲಿಸಿ ನೋಡಿದಾಗ, ಹೃದಯಾಘಾತ, ಪಾರ್ಶ್ವವಾಯು, ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವುದು ಇವು ಮಾತ್ರೆಯ ಕಡೆ ಹೆಚ್ಚಾಗಿ ಕಂಡುಬಂದವು. ಅದರಿಂದಾಗಿ 2021ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಕಟ್ಟುನಿಟ್ಟಿನ ಎಚ್ಚರಿಕೆ ಹೊರಡಿಸಿದರು. ಇದರರ್ಥ ನೀವು ಇಂದೇ ಮಾತ್ರೆ ನಿಲ್ಲಿಸಬೇಕೆಂದಲ್ಲ. ಮುಂದಿನ ಭೇಟಿಯಲ್ಲಿ ತಜ್ಞರಿಗೆ ಬಿ.ಪಿ. ಮತ್ತು ಬೀಡಿಯ ವಿಷಯ ಗೊತ್ತಿದೆಯೇ, ಬೇರೆ ಔಷಧದ ಆಯ್ಕೆ ಇದೆಯೇ ಎಂದು ಕೇಳಿ ತಿಳಿಯಿರಿ. ಆರಂಭಿಸುವ ಮೊದಲು ಕ್ಷಯರೋಗದ ಪರೀಕ್ಷೆ ಆಗಿರಲೇಬೇಕು, ಏಕೆಂದರೆ ಎಂದೋ ತಗುಲಿ ದೇಹದಲ್ಲಿ ಅಡಗಿರುವ ಕ್ಷಯ ಮತ್ತೆ ತಲೆಯೆತ್ತಬಹುದು. ಸರ್ಪಸುತ್ತು ಬರುವುದೂ ಹೆಚ್ಚು. ರಕ್ತಕಣಗಳ ಎಣಿಕೆ, ಲಿವರ್ ಪರೀಕ್ಷೆ, ಕೊಲೆಸ್ಟರಾಲ್ ಇವನ್ನು ತಜ್ಞರು ಹೇಳಿದ ಅವಧಿಗೆ ಮಾಡಿಸುತ್ತಿರಬೇಕು. ಇವಕ್ಕಾಗಿ ಪ್ರತಿಸಲವೂ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವೆಗೋ ಓಡಬೇಕಾಗಿಲ್ಲ, ಕುಮಟೆಯಲ್ಲೇ ಆಗುತ್ತದೆ, ವರದಿಯನ್ನು ಕಳಿಸಿಕೊಟ್ಟರೆ ಸಾಕು. ಮೆಥೋಟ್ರೆಕ್ಸೇಟ್ ಜೊತೆಗೆ ಮುಂದುವರಿದಿದ್ದರೆ ಒಂದು ಮಾತನ್ನು ಮನೆಯವರಿಗೆಲ್ಲ ಹೇಳಿಡಿ: ಅದು ವಾರಕ್ಕೆ ಒಂದೇ ದಿನ. ದಿನವೂ ನುಂಗಿದರೆ ಮಜ್ಜೆ ಕುಸಿದು ಪ್ರಾಣಕ್ಕೇ ಅಪಾಯ.

ಪ್ರಶ್ನೆ: ನನ್ನ ತಂಗಿಗೆ ಸಂಧಿವಾತ ಜೋರಾದಾಗ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಕೊಟ್ಟರು. ನೋವು ಎರಡೇ ದಿನದಲ್ಲಿ ಇಳಿಯಿತು. ಆದರೆ ರಕ್ತಪರೀಕ್ಷೆಯಲ್ಲಿ ಬಿಳಿ ಕಣ 8,000 ಇದ್ದದ್ದು 15,000 ಆಯಿತು. ಕಾಯಿಲೆ ಕಡಿಮೆಯಾದರೆ ಕಣಗಳು ಹೆಚ್ಚುವುದು ಹೇಗೆ? ಸೋಂಕು ಇರಬಹುದೇ? (ಓದುಗರು, ಅಂಕೋಲಾ)

ಉತ್ತರ: ಈ ತಿಂಗಳು ಬಂದ ಪತ್ರಗಳಲ್ಲಿ ನನಗೆ ಬಹಳ ಇಷ್ಟವಾದ ಪ್ರಶ್ನೆಯಿದು. ರಕ್ತ ತೆಗೆದು ಎಣಿಸುವಾಗ ನಾವು ಎಣಿಸುವುದು ಹರಿಯುವ ರಕ್ತದಲ್ಲಿರುವ ಕಣಗಳನ್ನು ಮಾತ್ರ. ನ್ಯೂಟ್ರೋಫಿಲ್‌ಗಳಲ್ಲಿ ದೊಡ್ಡದೊಂದು ಪಾಲು ಯಾವಾಗಲೂ ಸಣ್ಣ ರಕ್ತನಾಳಗಳ ಗೋಡೆಗೆ ಒತ್ತಿಕೊಂಡು, ಉರುಳುತ್ತಲೋ ನಿಂತೋ, ಹೊರಬೀಳಲು ಸಿದ್ಧವಾಗಿರುತ್ತದೆ. ಸೂಜಿಗೆ ಅವು ಸಿಗುವುದಿಲ್ಲ. ಪ್ರೆಡ್ನಿಸೋಲೋನ್ ಆ ಅಂಟುವಿಕೆಯನ್ನು ಸಡಿಲಿಸುತ್ತದೆ. ಗೋಡೆಯಿಂದ ಬಿಟ್ಟ ಕಣಗಳು ಹರಿವಿಗೆ ಸೇರುತ್ತವೆ, ಮಜ್ಜೆಯಿಂದಲೂ ಇನ್ನಷ್ಟು ಇಳಿಯುತ್ತವೆ, ರಕ್ತದಲ್ಲಿ ಉಳಿಯುವ ಅವಧಿಯೂ ಹೆಚ್ಚುತ್ತದೆ. ಮಾತ್ರೆ ನುಂಗಿದ ಕೆಲವೇ ತಾಸುಗಳಲ್ಲಿ ಈ ಏರಿಕೆ ಶುರುವಾಗುತ್ತದೆ. ಹೀಗಾಗಿ ತಂಗಿಯ ಕೀಲು ತಣ್ಣಗಾದದ್ದೂ ರಕ್ತದ ಎಣಿಕೆ ಏರಿದ್ದೂ ಒಂದೇ ಘಟನೆಯ ಎರಡು ಫಲಗಳು: ಕೀಲಿಗೆ ಹೋಗಬೇಕಾಗಿದ್ದವು ರಕ್ತದಲ್ಲೇ ಉಳಿದವು.

ವಿದ್ಯಾರ್ಥಿನಿಗೆ ಕೊಟ್ಟ ಮಾತಿಗೂ ಇಲ್ಲೇ ಜಾಗವಿದೆ. ಬಿಳಿ ಕಣಗಳು ಗೋಡೆಗೆ ಭದ್ರವಾಗಿ ಅಂಟಲು ಬೇಕಾದ ಬೀಟಾ-2 ಇಂಟೆಗ್ರಿನ್ ಎಂಬ ಪ್ರೋಟೀನ್ ಹುಟ್ಟಿನಿಂದಲೇ ಇಲ್ಲದ ಮಕ್ಕಳು ಬಹಳ ಅಪರೂಪಕ್ಕೆ ಹುಟ್ಟುತ್ತಾರೆ. ಅವರ ಹೊಕ್ಕುಳಬಳ್ಳಿ ವಾರಗಟ್ಟಲೆ ಉದುರುವುದಿಲ್ಲ; ಗಾಯಗಳಲ್ಲಿ ಕೀವೇ ಕಟ್ಟುವುದಿಲ್ಲ; ಸೋಂಕಿನ ಮೇಲೆ ಸೋಂಕು. ರಕ್ತ ನೋಡಿದರೆ ಬಿಳಿ ಕಣಗಳು ತುಂಬಿತುಳುಕುತ್ತಿರುತ್ತವೆ. ಕೀವು ಕಟ್ಟುವುದನ್ನು ನಾವು ಕೆಟ್ಟದ್ದೆಂದು ತಿಳಿದಿದ್ದೇವೆ, ಆದರೆ ಅದು ಬಿಳಿ ಕಣಗಳು ಬಂದು ಮುಟ್ಟಿದವೆಂಬುದಕ್ಕೆ ಸಾಕ್ಷಿ.

ಸೋಂಕು ಇರಬಹುದೇ ಎಂಬ ನಿಮ್ಮ ಅನುಮಾನವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ, ಏಕೆಂದರೆ ಇದೇ ಔಷಧ ಸೋಂಕಿಗೂ ದಾರಿ ಮಾಡಿಕೊಡುತ್ತದೆ, ಜ್ವರವನ್ನೂ ಮರೆಮಾಚುತ್ತದೆ. ಎಳೆಯ, ಇನ್ನೂ ಬಲಿಯದ ನ್ಯೂಟ್ರೋಫಿಲ್‌ಗಳು ಹೆಚ್ಚಿವೆಯೆಂದು ವರದಿಯಲ್ಲಿದ್ದರೆ, ಅಥವಾ ಒಂದು ಕೀಲು ಮಾತ್ರ ಉಳಿದವಕ್ಕಿಂತ ಬಹಳ ಕೆಂಪಾಗಿ ಬಿಸಿಯಾಗಿದ್ದರೆ ಅಂದೇ ವೈದ್ಯರಿಗೆ ತೋರಿಸಿ. ಅವೆರಡೂ ಇಲ್ಲದೆ ಆರಾಮವಾಗಿದ್ದರೆ ಆ ಸಂಖ್ಯೆಗೆ ಹೆದರಬೇಕಾಗಿಲ್ಲ. ಹೆದರಿ ಪ್ರೆಡ್ನಿಸೋಲೋನನ್ನು ತಟ್ಟನೆ ನಿಲ್ಲಿಸುವುದು ಮಾತ್ರ ಕೂಡದು, ಅದನ್ನು ವೈದ್ಯರು ಹೇಳಿದಂತೆ ಹಂತಹಂತವಾಗಿಯೇ ಇಳಿಸಬೇಕು.

ಪ್ರಶ್ನೆ: ಚಿಕುನ್‌ಗುನ್ಯ ಬಂದುಹೋದ ಮೇಲೆ ತಿಂಗಳುಗಟ್ಟಲೆ ಉಳಿಯುವ ಗಂಟುನೋವೂ ಇದೇ ಬಗೆಯದೇ? (ಓದುಗರು, ಹೊನ್ನಾವರ)

ಉತ್ತರ: ಹತ್ತಿರದ್ದು, ಆದರೆ ಅದೇ ಅಲ್ಲ. 2006ರಲ್ಲಿ ಕರ್ನಾಟಕದಲ್ಲಿ ಆ ಜ್ವರ ವ್ಯಾಪಕವಾಗಿ ಹಬ್ಬಿದಾಗ ನೋಡಿದವರಿಗೆ ನೆನಪಿರಬಹುದು, ಜ್ವರ ಬಿಟ್ಟ ಮೇಲೂ ಜನ ಗೋಡೆ ಹಿಡಿದು ನಡೆಯುತ್ತಿದ್ದರು. ಅಲ್ಲಿ ಕೀಲಿಗೆ ಬರುವವರಲ್ಲಿ ಮುಂದಾಳುಗಳು ಮೋನೋಸೈಟ್ ಎಂಬ ಬಗೆಯ ಬಿಳಿ ಕಣಗಳು ಮತ್ತು ಮ್ಯಾಕ್ರೊಫೇಜ್‌ಗಳು, ಕರೆಯುವುದು ಮುಖ್ಯವಾಗಿ ಎಂಸಿಪಿ-1 ಎಂಬ ಕೀಮೋಕೈನ್. ಹೆಚ್ಚಿನವರಲ್ಲಿ ವಾರಗಳಲ್ಲಿ ಇಲ್ಲವೆ ತಿಂಗಳುಗಳಲ್ಲಿ ತಾನಾಗಿ ಇಳಿಯುತ್ತದೆ. ಮೂರು ತಿಂಗಳು ಕಳೆದರೂ ಊತ ಮತ್ತು ಬೆಳಗಿನ ಬಿಗಿತ ಉಳಿದಿದ್ದರೆ ರುಮಟಾಯ್ಡ್ ಸಂಧಿವಾತದ ಪ್ರತಿಕಾಯವನ್ನು ಹುಡುಕುವ ಆಂಟಿ-ಸಿಸಿಪಿ ಪರೀಕ್ಷೆ ಮಾಡಿಸಿಕೊಳ್ಳುವುದು ಮೇಲು.

ಪ್ರಶ್ನೆ: ಗೌರಿ ಹೂವಿನ ಗಡ್ಡೆಯಿಂದ ಗಂಟುನೋವಿನ ಇಂಗ್ಲಿಷ್ ಮಾತ್ರೆ ಮಾಡುತ್ತಾರೆಂದು ಕೇಳಿದ್ದೇನೆ. ನಮ್ಮ ಬೇಲಿಯಲ್ಲೇ ಬೇಕಾದಷ್ಟಿದೆ. ಅರೆದು ಸ್ವಲ್ಪ ಕುಡಿದರೆ ಆಗದೇ? (ಓದುಗರು, ಸಿದ್ದಾಪುರ)

ಉತ್ತರ: ದಯವಿಟ್ಟು ಬೇಡ. ನೀವು ಕೇಳಿದ್ದರಲ್ಲಿ ನಿಜವಿದೆ. ಅಗ್ನಿಶಿಖೆ ಎಂದೂ ಕರೆಯುವ ಆ ಬಳ್ಳಿಯ ಗಡ್ಡೆಯಲ್ಲೂ ಬೀಜದಲ್ಲೂ ಕಾಲ್ಚಿಸಿನ್ ಇದೆ. ತಮಿಳುನಾಡಿನಲ್ಲಿ ಬೀಜಕ್ಕಾಗಿ ಅದನ್ನು ಬೆಳೆಯುತ್ತಾರೆ. ಕಾಲ್ಚಿಸಿನ್ ಕೋಶದೊಳಗಿನ ಸೂಕ್ಷ್ಮನಾಳಿಗಳು ಕಟ್ಟಿಕೊಳ್ಳದಂತೆ ಮಾಡುತ್ತದೆ, ನ್ಯೂಟ್ರೋಫಿಲ್‌ಗಳಲ್ಲಿ ವಿಶೇಷವಾಗಿ ಶೇಖರವಾಗಿ ಅವುಗಳ ಚಲನೆಯನ್ನು ಕುಂದಿಸುತ್ತದೆ. ಯೂರಿಕ್ ಆಮ್ಲದ ಹರಳಿನಿಂದ ಬರುವ ಗೌಟ್ ಎಂಬ ಸಂಧಿವಾತದಲ್ಲಿ ಅದು ಉಪಯುಕ್ತ ಔಷಧ. ರುಮಟಾಯ್ಡ್ ಸಂಧಿವಾತಕ್ಕೆ ಅದನ್ನು ಬಳಸುವುದಿಲ್ಲ. ಮಾತ್ರೆಯಲ್ಲಿ ಅದರ ಪ್ರಮಾಣ ಅರ್ಧ ಮಿಲಿಗ್ರಾಮಿನಷ್ಟು. ಬೇಲಿಯ ಗಡ್ಡೆಯೊಂದರಲ್ಲಿ ಎಷ್ಟಿದೆಯೆಂದು ನಿಮಗೂ ತಿಳಿಯದು, ಅರೆಯುವವರಿಗೂ ತಿಳಿಯದು. ಗೆಣಸೆಂದು ತಪ್ಪು ತಿಳಿದು ತಿಂದು ಸತ್ತವರಿದ್ದಾರೆ. ಮೊದಲು ಕೆಲವು ತಾಸು ಏನೂ ಆಗುವುದಿಲ್ಲ. ಆಮೇಲೆ ವಾಂತಿ, ಭೇದಿ ಶುರುವಾಗುತ್ತದೆ. ಅದು ನಿಂತಿತು, ಗುಣವಾಯಿತು ಎನ್ನುವಷ್ಟರಲ್ಲಿ ಮಜ್ಜೆ ಕೆಲಸ ನಿಲ್ಲಿಸುತ್ತದೆ. ಯಾರಾದರೂ ಆಗಲೇ ಕುಡಿದಿದ್ದರೆ ವಾಂತಿಯಾಗುವವರೆಗೆ ಕಾಯದೆ, ಗಡ್ಡೆಯ ತುಂಡೊಂದನ್ನು ಜೊತೆಗೆ ಹಿಡಿದುಕೊಂಡು, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.